ಮುಸುಕಿನ ಜೋಳದ ರಕ್ಕಸಿಗೆ ಬಣ್ಣ

ನದಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಮುಸುಕಿನ ಜೋಳದ ಹೊಲದ ನಟ್ಟನಡುವೆ ಒಬ್ಬಳು ರಕ್ಕಸಿ ಇದ್ದಳಂತೆ. ಕೊಯ್ಲು ಮುಗಿದು ಹೊಲ ಬೋಳಾದರೆ ಅವಳಿಗೆ ಅಡಗಲು ಮರೆಯೇ ಇಲ್ಲ. ಹಾಗಾಗಿ ವರ್ಷಕ್ಕೊಂದು ಸಂಜೆ ಊರೊಳಗೆ ಬರುತ್ತಿದ್ದಳಂತೆ. ಆ ಸಂಜೆ ಊರ ಮಕ್ಕಳೆಲ್ಲ ಅವಳಂತೆಯೇ ಮುಖ ಮಾಡಿಕೊಂಡು ಬೀದಿಗಿಳಿಯುತ್ತಿದ್ದರು. ನಿಜದ ರಕ್ಕಸಿ ಯಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅವಳೂ ಒಂದು ಬಾಗಿಲು ತಟ್ಟಿ, ಒಂದು ಹಿಡಿ ಮಿಠಾಯಿ ಇಸಕೊಂಡು, ತಣ್ಣಗೆ ಹೊರಟುಹೋಗುತ್ತಿದ್ದಳಂತೆ.

ಆರ್ಡಿತ್ ಅಜ್ಜಿ ಪ್ರತಿ ಹ್ಯಾಲೊವೀನ್ ಹಬ್ಬಕ್ಕೂ ಮೊಮ್ಮಗಳು ಟ್ವೈಲಾಗೆ ಹೇಳುತ್ತಿದ್ದ ಕಥೆ ಇದು. ರಕ್ಕಸಿಯರ ವಿಷಯದಲ್ಲಿ ಅಜ್ಜಿಯ ಮಾತಿಗೆ ಓಹಾಯೋ ನದಿಯ ದಂಡೆಯ ಆ ಊರಿನಲ್ಲಿ ಎದುರಿರಲಿಲ್ಲ. ವರ್ಲಿನ್‌ನ ಮುಖವಾಡದ ಕಾರ್ಖಾನೆಯಲ್ಲಿ ಹರೆಯದಿಂದ ಮುಪ್ಪಿನವರೆಗೂ ಬಣ್ಣ ಹಾಕಿದವಳು ಅವಳು. ಪ್ರೇತಗಳ ತುಟಿ, ತೋಳಮನುಷ್ಯರ ಒಸಡು, ಎಲ್ಲವೂ ಅವಳ ಕುಂಚದಿಂದಲೇ ಜೀವ ಪಡೆದು ಹೋದವು.

ಆ ಕಾರ್ಖಾನೆಯಲ್ಲೊಂದು ಪದ್ಧತಿಯಿತ್ತು. ಹೊಸ ಅಚ್ಚಿನಿಂದ ಹೊರಬಂದ ಮೊದಲ ಮುಖವನ್ನು ಮಾರುತ್ತಿರಲಿಲ್ಲ. ಅದು ಮಣ್ಣಲ್ಲಿ ರೂಪ ತಿದ್ದಿದವರಿಗೆ ಸೇರಿದ್ದು. ಟ್ವೈಲಾ ಅಲ್ಲಿ ಮಣ್ಣಲ್ಲಿ ಮುಖ ತಿದ್ದುವ ಕೆಲಸಕ್ಕೆ ಸೇರಿದ ದಿನವೇ ಮಾತು ಕೊಟ್ಟಿದ್ದಳು: “ನನ್ನ ಮೊದಲ್ನೇ ಮುಖಕ್ಕೆ ನೀನೇ ಬಣ್ಣ ಹಾಕ್ಬೇಕು ಅಜ್ಜಿ.”

“ಇನ್ಯಾರು ಹಾಕ್ತಾರೆ? ನೀನು ಹಾಕಿದ್ರೆ ರಕ್ಕಸಿ ಹೋಗಿ ಮದುಮಗಳಾಗ್ತಾಳೆ.”

ವಸಂತದಲ್ಲಿ ಅಜ್ಜಿಗೆ ಲಕ್ವ ಹೊಡೆಯಿತು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿತು. ಮುಖದ ಎಡಭಾಗ, ಗೂಟದಿಂದ ಅರ್ಧ ಕಳಚಿದ ಕೋಟಿನಂತೆ ಜೋತುಬಿತ್ತು. ಟ್ವೈಲಾ ಅವಳಿಗೆ ಸೂಪು ಕುಡಿಸುವಳು, ಕಣ್ಣು, ಬಾಯಿ ಒರೆಸುವಳು. ಒರೆಸುತ್ತ ನೋಡುವಳು. ರೆಪ್ಪೆ ಎಲ್ಲಿ ಸೋತಿದೆ, ಕೆನ್ನೆಯ ಭಾರ ಎಲ್ಲಿಂದ ಇಳಿದಿದೆ, ತುಟಿಯ ಅಂಚು ಯಾವ ಎಲುಬಿಗೆ ನೇತುಹಾಕಿಕೊಂಡಿದೆ. ತಾನು ಹೀಗೆ ನೋಡುತ್ತಿದ್ದೇನೆಂದು ಗೊತ್ತಾದಾಗ ಚಮಚ ಕೆಳಗಿಟ್ಟು ಎದ್ದುಹೋಗುವಳು.

ಬೇಸಿಗೆಯಲ್ಲಿ ವರ್ಲಿನ್, “ಈ ವರ್ಷಕ್ಕೊಂದು ರಕ್ಕಸಿ ಮಾಡು ಮಗಳೇ” ಎಂದ. ಅವಳು ಮಣ್ಣಿಗೆ ಕೈಹಾಕಿದಳು. ಸಂಜೆ ಹಿಂದೆ ಸರಿದು ನೋಡಿದರೆ, ಕೋರೆಹಲ್ಲು, ಗಂಟುಮೂಗುಗಳ ನಡುವೆ ಅಜ್ಜಿ! ಕೆಡವಿಬಿಡಬೇಕೆಂದುಕೊಂಡಳು. ಕೈ ಬರಲಿಲ್ಲ, ಅಷ್ಟು ಚೆನ್ನಾಗಿತ್ತು. ಕೊನೆಗೊಂದು ಉಪಾಯ ಮಾಡಿದಳು. ಎಡಗಡೆ ಜೋತುಬಿದ್ದದ್ದನ್ನೆಲ್ಲ ಬಲಗಡೆಗೆ ಸಾಗಿಸಿದಳು. ಇನ್ನು ಯಾರಿಗೆ ಗೊತ್ತಾಗುತ್ತದೆ?

ವರ್ಲಿನ್ ಬಂದವನು ಟೋಪಿ ತೆಗೆದು ಸುತ್ತು ಹಾಕಿದ. “ಎರಡು ಕಡೇನೂ ಸಮ ಇದ್ರೆ ಅದು ಗೊಂಬೆ. ಇವಳನ್ನ ನೋಡು, ಈ ಕಡೆ ನಿಂತ್ರೆ ಪ್ರಾಣ ಹಾರುತ್ತೆ, ಆ ಕಡೆ ನಿಂತ್ರೆ ಕರೆದು ಕೂರಿಸ್ಬೇಕು ಅನ್ಸುತ್ತೆ. ಎಲ್ಲಿ ಸಿಕ್ಕಿದಳೇ ನಿಂಗೆ?”

“ಕನಸಲ್ಲಿ” ಎಂದಳು ಟ್ವೈಲಾ.

ಅಚ್ಚು ತೆಗೆದರು. ಅಚ್ಚಿನೊಳಗಿಂದ ಮಣ್ಣನ್ನು ಕೆರೆದು ತೆಗೆದಾಗ ಮೂಲರೂಪ ಪುಡಿಯಾಯಿತು. ರಬ್ಬರ್ ಹಾಲು ಹೊಯ್ದು ಒಣಗಿಸಿ ಎಳೆದ ಮೊದಲ ಮುಖ, ಸಿಪ್ಪೆ ಸುಲಿದ ಆಲೂಗಡ್ಡೆಯಂತೆ ಬಿಳಿಚಿಕೊಂಡು ಟ್ವೈಲಾಳ ಕಾರಿನ ಡಿಕ್ಕಿಯಲ್ಲಿ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಉಳಿಯಿತು.

“ನನ್ನ ರಕ್ಕಸಿ ಎಲ್ಲಿ?” ಅಜ್ಜಿ ಕೇಳುವಳು. ಮಾತು ತೊದಲುತ್ತಿತ್ತು, ಚುಚ್ಚುವುದು ಮಾತ್ರ ಹಾಗೇ ಇತ್ತು.

“ಅಚ್ಚು ಒಣಗಿಲ್ಲ ಅಜ್ಜಿ.”

“ಇನ್ನೂನಾ? ಪ್ರಳಯದ ಮಳೇಲಿ ನೋಹನ ಹಡಗಲ್ಲಿಟ್ಟು ಒಣಗಿಸ್ತಿದ್ದೀಯೇನೆ?”

ಹ್ಯಾಲೊವೀನ್ ಹತ್ತಿರವಾದ ಒಂದು ಮಧ್ಯಾಹ್ನ, ಟ್ವೈಲಾ ಅಡುಗೆಮನೆಯಲ್ಲಿ ಹಬ್ಬದ ದೀಪಕ್ಕೆಂದು ಕುಂಬಳಕಾಯಿಗೆ ಕಣ್ಣು ಕೊರೆಯುತ್ತಿದ್ದಾಗ ವರ್ಲಿನ್ ಬಿಸಿ ಡೋನಟ್ ಹಿಡಿದು ಬಂದ.

“ಆರ್ಡಿತ್, ನಿಮ್ಮ ಮೊಮ್ಮಗಳ ರಕ್ಕಸಿ ಎಲ್ಲಾ ಅಂಗಡೀಲೂ ಖಾಲಿ! ನೀವು ಬಣ್ಣ ಹಾಕಿದ್ದನ್ನ ತೋರ್ಸಿ, ನೋಡೋಣ.”

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. “ಅಚ್ಚು ಒಣಗಿದ್ಯಂತೆ, ಕೇಳಿಸ್ಕೊಂಡ್ಯಾ? ಹೋಗಿ ತಗೊಂಡ್ ಬಾ.”

ಡಿಕ್ಕಿಯಿಂದ ಅಡುಗೆಮನೆಯವರೆಗೆ ಆ ಹಗುರ ಪೆಟ್ಟಿಗೆ ಟ್ವೈಲಾಗೆ ಕಲ್ಲಿನಂತೆ ಭಾರವಾಯಿತು.

ಅಜ್ಜಿ ಕೆಲಸದವರ ಅಭ್ಯಾಸದಂತೆ ಮೊದಲು ಒಳಗಡೆ ಬೆರಳಾಡಿಸಿದಳು. “ಮೂಗಲ್ಲಿ ಒಂದು ಗಾಳಿಗುಳ್ಳೆ ಇಲ್ಲ. ಅಚ್ಚು ಕೂಡಿದ ಗೆರೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಭೇಷ್.” ಆಮೇಲೆ ತಿರುಗಿಸಿದಳು. ಜೋತ ಕೆನ್ನೆಯ ಮೇಲೆ ಬೆರಳಿಟ್ಟಳು.

“ಇವಳನ್ನ ದಿನಾ ಬೆಳಿಗ್ಗೆ ನೋಡ್ತೀನಲ್ಲೇ. ಮುಖ ತೊಳೆಯೋವಾಗ.”

“ಇಲ್ಲಜ್ಜಿ, ನಿಂದು ಎಡಗಡೆ, ಇದು ಬಲ...” ಟ್ವೈಲಾ ನಾಲಿಗೆ ಕಚ್ಚಿಕೊಂಡಳು. ಬಚ್ಚಿಟ್ಟಿದ್ದನ್ನು ಅವಳ ಬಾಯೇ ಹೇಳಿಬಿಟ್ಟಿತ್ತು.

“ನನ್ನ ಮುಖ ನಾನು ಕಂಡಿರೋದು ಕನ್ನಡೀಲಿ ತಾನೇ? ಕನ್ನಡೀಲಿ ಅದು ಹೀಗೇ ಇರುತ್ತೆ.”

ಊರಿಗೆಲ್ಲ ಗುರುತು ಸಿಗದಂತೆ ಮಾಡಿದ ಉಪಾಯ, ಒಬ್ಬಳಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೇ ತೋರಿಸಿತ್ತು. ವರ್ಲಿನ್ ಒಬ್ಬಳನ್ನು ನೋಡಿದ, ಇನ್ನೊಬ್ಬಳನ್ನು ನೋಡಿದ. “ಟ್ರಕ್ಕಿನ ಬಾಗಿಲು ತೆಗೆದಿಟ್ಟೇ ಬಂದೆ ಅನ್ಸುತ್ತೆ” ಎಂದು ಟೋಪಿ ಹುಡುಕಿಕೊಂಡು ಹೊರಟ.

“ಬೈಯಿ ಅಜ್ಜಿ” ಎಂದಳು ಟ್ವೈಲಾ.

“ಬೈಯೋದಿದೆ, ಎಲ್ಲಿಗೂ ಓಡಿಹೋಗಲ್ಲ ಅದು. ಕೇಳಿದ್ರೆ ನಿನ್ನ ಮುಂದೆ ಕೂತ್ಕೊಳ್ತಿದ್ದೆ ಕಣೇ, ತಲೆ ಬಾಚ್ಕೊಂಡು. ಕದ್ದು ನೋಡಿದ್ದೀಯ, ಅದಕ್ಕೇ ಕತ್ತು ತಪ್ಪಾಗಿದೆ. ಕತ್ತಿನ ನರಾನೂ ಈ ಕಡೆಗೆ ಎಳೆಯುತ್ತೆ.” ಉಸಿರು ತೆಗೆದುಕೊಂಡಳು. “ಬಣ್ಣದ ಪೆಟ್ಟಿಗೆ ತಾ. ಇದನ್ನ ಹಿಡ್ಕೊಳ್ಳೋಕೆ ನಂಗೆ ಇನ್ನೊಂದು ಕೈ ಇಲ್ಲ. ನೀನೇ ಮುಖಕ್ಕೆ ಹಾಕ್ಕೊ.”

“ನಾನಾ?”

“ಮಾಡೋವಾಗ ನಾಚಿಕೆ ಆಗ್ಲಿಲ್ಲ, ಹಾಕ್ಕೊಳ್ಳೋಕೆ ಆಗುತ್ತಾ?”

ಟ್ವೈಲಾ ಹಾಕಿಕೊಂಡಳು. ಒಳಗೆಲ್ಲ ರಬ್ಬರಿನ ಘಾಟು. ಜೋತ ಕಣ್ಣಿನ ಕಿಂಡಿಯಿಂದ ಕಂಡದ್ದು ಅರ್ಧ ಅಡುಗೆಮನೆ, ಅರ್ಧ ಅಜ್ಜಿ. ಮುಖದ ಮೇಲೆ ಮುಖ, ಅದರೆದುರು ಅದೇ ಮುಖ. ಅಳು ಬಂತು, ಹೊರಗೆ ಕಾಣುವಂತಿರಲಿಲ್ಲ.

“ಅಲುಗಾಡ್ಬೇಡ.”

ಅಜ್ಜಿ ಮೊದಲು ಕಡುಹಸಿರು ಬಳಿದು, ಬಟ್ಟೆಯಿಂದ ಒರೆಸಿದಳು. ಬಣ್ಣ ಸುಕ್ಕುಗಳೊಳಗೆ ಮಾತ್ರ ಉಳಿಯಿತು. ಒಣಗಿದ ಮೇಲೆ ಎಲುಬು ಉಬ್ಬಿದಲ್ಲೆಲ್ಲ ಮಾಸಲು ಹಳದಿ ಸವರಿದಳು. ಸಣ್ಣ ಕುಂಚದಿಂದ ಕತ್ತಿನ ಮೇಲೊಂದು ನರ ಎಳೆದಳು, ಸೋತ ಬದಿಗೆ ವಾಲಿಸಿ. ಟ್ವೈಲಾ ಮಾಡಿದ ತಪ್ಪು ಅಲ್ಲಿಗೆ ಮುಚ್ಚಿಹೋಯಿತು. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕಿಳಿಯಿತು.

ಕೊನೆಗೆ ವಾರ್ನಿಷ್ ಮುಚ್ಚಳ ತೆಗೆಸಿದಳು. “ನನ್ನ ಈ ಕಣ್ಣು ಹಗಲೂ ರಾತ್ರಿ ಸೋರುತ್ತೆ. ನೀನು ಒರೆಸಿ ಒರೆಸಿ, ಮಣ್ಣಲ್ಲೂ ಒರೆಸಿಬಿಟ್ಟಿದ್ದೀಯ.”

ಕಣ್ಣಂಚಿನಿಂದ ಕೆನ್ನೆಯ ಮಡಿಕೆಗೆ, ಅಲ್ಲಿಂದ ತುಟಿಯ ಮೂಲೆಗೆ, ಒಂದು ಒದ್ದೆ ಹೊಳಪನ್ನು ನಿಧಾನವಾಗಿ ಇಳಿಸಿದಳು. ರಬ್ಬರಿನಾಚೆಗೆ ಕುಂಚ ತಾಗಿದ್ದು ಟ್ವೈಲಾಗೆ ತನ್ನ ಚರ್ಮದ ಮೇಲೆಯೇ ಗೊತ್ತಾಯಿತು.

“ಆಯ್ತು” ಎಂದು ಅಜ್ಜಿ ಕುಂಚ ಒರೆಸಿದಳು.