ಲೆಕ್ಕದಲ್ಲಿ ಇಲ್ಲದ ಮಳೆ

ಮಳೆ ಬಿದ್ದು ಕಡಲೆ ದರ ಇಳಿದೀತೆಂದು ಗಾಂಧಿ ಗಂಜ್ ಮಾರುಕಟ್ಟೆಯ ಕಾಳಿನ ವ್ಯಾಪಾರಿ ದತ್ತಾತ್ರಿ ಸಾವಕಾರರು ವಾಯಿದೆ ಪೇಟೆಯಲ್ಲಿ ಇನ್ನೂ ಕೈಯಲ್ಲಿಲ್ಲದ ಕಡಲೆಯನ್ನು ಅಂದಿನ ದರಕ್ಕೇ ಮುಂದೆ ಕೊಡುವುದಾಗಿ ಮಾರಿದ್ದರು. ಬರ ಬಿತ್ತು, ದರ ಏರಿತು. ಆ ಸೌದಾ ಉಳಿಸಿಕೊಳ್ಳಲು ದಿನವೂ ಎಷ್ಟು ಮಾರ್ಜಿನ್ ಠೇವಣಿ ಕಟ್ಟಬೇಕೆಂದು ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವವಳು ಅಂಗಡಿಯ ಲೆಕ್ಕ ಬರೆಯುವ ರಹೀಮುನ್ನಿಸಾ. ಅವತ್ತು ಪೇಟೆಯವರು ಮಾರ್ಜಿನ್ನನ್ನೇ ದುಪ್ಪಟ್ಟು ಮಾಡಿದರು. ಹೊಸ ಅಂಕಿ ಒತ್ತಿದ ಅವಳು ಪರದೆಯನ್ನು ಸಾವಕಾರರತ್ತ ತಿರುಗಿಸಿದಳು.

“ಗೋದಾಮು ಮಾರಿದ್ರೂ ಸಾಲೂದಿಲ್ಲರಿ, ಸಾವಕಾರ್ರ.”

“ನಾಳಿ ಮಳಿ ಬಂದ್ರ, ಬೇಟಿ?”

“ಮಳಿ ಬರೀಲಿಕ್ಕ ಈ ಎಕ್ಸೆಲ್‌ನಾಗ ಕಾಲಂ ಇಲ್ಲರಿ.”

ಅವರು ನಷ್ಟಕ್ಕೇ ಸೌದಾ ಮುರಿದರು, ಆ ಸಾಲಕ್ಕೆ ಅಂಗಡಿ ಕೈಬಿಟ್ಟಿತು. ಮುಂದಿನ ವಾರ, ಬರದಿಂದ ಕೂಲಿ ಹುಡುಕಿ ಗುಳೆ ಹೊರಟ ತಮ್ಮ ಹಮಾಲರ ಜೊತೆಯೇ ಸಾವಕಾರರೂ ಹೈದರಾಬಾದ್ ಬಸ್ ಹತ್ತಿದರು.

“ನಿನ್ನ ಲೆಕ್ಕ ಖರೇ ಇತ್ತು, ಬೇಟಿ,” ಎಂದರು ಕಿಟಕಿಯಿಂದ.

ಒಮ್ಮೆಯಾದರೂ ಆ ಲೆಕ್ಕ ತಪ್ಪಾಗಬಾರದಿತ್ತೇ ಎಂದು ರಹೀಮುನ್ನಿಸಾಳಿಗೆ ಅಳು ಉಕ್ಕಿ ಬಂತು.