ಎಂಟಿಲ್ಲದ ಸೆಂಟರ್

ಟಿ. ನರಸೀಪುರದ ಬಸ್ ನಿಲ್ದಾಣದ ಎದುರು, ರಸಗೊಬ್ಬರದ ಅಂಗಡಿಯ ಮಹಡಿಯಲ್ಲಿ ಬಸವಪ್ರಸಾದರ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಮೂರು ಕಂಪ್ಯೂಟರ್, ಮೂರಕ್ಕೂ ಬೆಳಿಗ್ಗೆ ಊದುಬತ್ತಿ. ಎಂಟು ಶನಿಯ ಅಂಕಿ ಎಂದು ಅವರು ನಂಬಿದ್ದರು. ಹಾಗೆ ನಂಬುವವರು ಊರಲ್ಲಿ ಬೇಕಾದಷ್ಟಿದ್ದರು. ಆದರೆ ಎಂಟನ್ನು ಓಡಿಸಲು ಗಣಿತವನ್ನೇ ಕೂಲಿಗೆ ಹಚ್ಚಿದವರು ಇವರೊಬ್ಬರೇ.

1999ರ ಬ್ಯಾಚಿಗೆ ಆಕ್ಟಲ್ ಎಂಬ ಸಂಖ್ಯಾಪದ್ಧತಿಯ ಪಾಠ ಮಾಡುವಾಗ ಅವರಿಗೆ ಅದು ಹೊಳೆಯಿತು. ಆಕ್ಟಲ್‌ನಲ್ಲಿ ಇರುವುದು ಸೊನ್ನೆಯಿಂದ ಏಳರವರೆಗಿನ ಅಂಕಿಗಳು ಮಾತ್ರ. ಎಂಟನ್ನು 10 ಎಂದು ಬರೆಯಬೇಕು, ಒಂಬತ್ತನ್ನು 11, ಹದಿನಾರನ್ನು 20. ಎಷ್ಟು ದೂರ ಎಣಿಸಿದರೂ ಎಂಟರ ಮುಖ ಕಾಣುವುದಿಲ್ಲ. ಅಂದೇ ನಲವತ್ತು ವಿದ್ಯಾರ್ಥಿಗಳ ಕ್ರಮಸಂಖ್ಯೆಯೂ ಆಕ್ಟಲ್‌ಗೆ ಬದಲಾಯಿತು. ಕೊನೆಯವಳು ಮೂಗೂರಿನ ರಂಜಿನಿ. ಅವಳ ನಲವತ್ತು 50 ಆಯಿತು.

“ಸಾ, ನಂದು ಹದ್ನೇಳು. ಒಂದೂ ಏಳೂ ಕೂಡುದ್ರೆ ಎಂಟೇ ಆಯ್ತದಲ್ಲ?” ಎಂದ ಮರಿಸ್ವಾಮಿ ಎಂಬ ವಿದ್ಯಾರ್ಥಿ.

“ಆಕ್ಟಲಲ್ಲೇ ಕೂಡು ಕಣ್ಲಾ, ಹತ್ತು ಬತ್ತದೆ. ಒಂದೂ ಸೊನ್ನೆ ಕೂಡುದ್ರೆ ಒಂದು. ಒಂದು ಸೂರ್ಯಂದು.”

ಲೆಕ್ಕ ಸರಿಯಾಗಿತ್ತು. ಬಸವಪ್ರಸಾದರ ಸರಿಯಾದ ಲೆಕ್ಕಗಳೆಲ್ಲ ಇಂಥವಕ್ಕೇ ಮೀಸಲು.

“ಶನಿಗೆ ಆಕ್ಟಲ್ ಬರಕಿಲ್ವಾ ಸಾ?” ಎಂದಳು ರಂಜಿನಿ.

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ.

ರಂಜಿನಿಗೆ ಬೇಕಾಗಿದ್ದದ್ದು ಪ್ರಮಾಣಪತ್ರ. ನಂಜನಗೂಡಿನ ಕಾರ್ಖಾನೆಯೊಂದು ಅವಳನ್ನು ಆಪರೇಟರ್ ಕೆಲಸಕ್ಕೆ ಒಪ್ಪಿತ್ತು. ಕೋರ್ಸಿನ ಕೊನೆಯ ಪರೀಕ್ಷೆ ತಪ್ಪಿದರೆ ಕೆಲಸ ಬೇರೆಯವರ ಪಾಲು.

ಪರೀಕ್ಷೆ ಮೈಸೂರಿನಲ್ಲಿ. ಮೇಲ್ವಿಚಾರಕಿ ಸುಬ್ಬಲಕ್ಷ್ಮಮ್ಮ ಪಟ್ಟಿ ತಿರುವಿದರು. “ನಿಮ್ಮ ಸೆಂಟರಿಗೆ ಅನುಮತಿ ಇರೋದು ನಲವತ್ತು ಜನಕ್ಕೆ. ಇಲ್ಲಿ ಐವತ್ತರವರೆಗೂ ಇದೆಯಲ್ಲ? ನಲವತ್ತರ ಮೇಲಿನವರು ಹೊರಗೆ ನಿಲ್ಲಿ.”

41ರಿಂದ 47, ಆಮೇಲೆ 50. ಹೊರಗೆ ನಿಂತವರು ಸರಿಯಾಗಿ ಎಂಟು ಮಂದಿ.

“ಮೇಡಂ, ಐವತ್ತು ಅಂದ್ರೆ ನಲವತ್ತೇ,” ಎಂದರು ಬಸವಪ್ರಸಾದ್.

“ಹಂಗಾದ್ರೆ ನಲವತ್ತು ಅಂತ ಬರೆಯೋಕೆ ಏನಾಗಿತ್ರೀ?”

ಬಸವಪ್ರಸಾದ್ ಕನ್ನಡಕ ಒರೆಸಿದರು. ಶನಿಯ ಹೆಸರು ಮೈಸೂರಿನಲ್ಲಿ ಬಾಯಿಗೆ ಬರಲಿಲ್ಲ.

“ಮೇಡಂ, ಆಕ್ಟಲಲ್ಲಿ ಬರ್ದವ್ರೆ,” ಎಂದಳು ರಂಜಿನಿ. “ತಲೆ ಎಣಿಸಿ ನೋಡಿ, ನಲವತ್ತೇ ಇದ್ದೀವಿ.”

ಸುಬ್ಬಲಕ್ಷ್ಮಮ್ಮ ಎಣಿಸಿದರು. ಬಿಳಿ ಹಾಳೆಯೊಂದನ್ನು ಬಸವಪ್ರಸಾದರ ಮುಂದೆ ತಳ್ಳಿ, “ಬೆಲ್ ಹೊಡೆಯೋದರೊಳಗೆ ಮಾಮೂಲಿ ನಂಬರ್ ಹಾಕಿಕೊಡಿ,” ಎಂದರು.

ಬಸವಪ್ರಸಾದ್ ಒಂದರಿಂದ ಏಳರವರೆಗೆ ದುಂಡಗೆ ಬರೆದರು. ಎಂಟನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಎಂಟು ಜನರ ಪರೀಕ್ಷೆ ಒಂದು ಕಡೆ, ಒಂದು ಅಂಕಿ ಇನ್ನೊಂದು ಕಡೆ. ಕಾಲೇಜು ಓದಿದ ಮನುಷ್ಯ ಆಲೋಚಿಸುತ್ತಲೇ ಇದ್ದರು.

“ಕೊಡಿ ಸಾ ಇಲ್ಲಿ. ಎಂಟು ನಂಗಿರ್ಲಿ.” ರಂಜಿನಿ ಪೆನ್ನು ಕಿತ್ತುಕೊಂಡು 8 ಬರೆದು, ಮುಂದೆ ತನ್ನ ಹೆಸರು ಹಾಕಿದಳು. ಉಳಿದ ಸಾಲುಗಳನ್ನೂ ಅವಳೇ ತುಂಬಿದಳು. ಹದಿನೆಂಟು, ಇಪ್ಪತ್ತೆಂಟು, ಮೂವತ್ತೆಂಟು ಯಾರಿಗೆ ಬೇಕೆಂದು ಯಾರನ್ನೂ ಕೇಳಲಿಲ್ಲ. ನಲವತ್ತೂ ಜನ ಒಳಗೆ ಕುಳಿತ ಮೇಲೆ ಬೆಲ್ ಹೊಡೆಯಿತು.

ಫಲಿತಾಂಶ ಬಂದಾಗ ಇಡೀ ಬ್ಯಾಚಿಗೆ ರಂಜಿನಿಯೇ ಮೊದಲು. ಅವಳು ಪ್ರಮಾಣಪತ್ರ ಹಿಡಿದು ನಂಜನಗೂಡಿನ ಕೆಲಸಕ್ಕೆ ಸೇರಿದ ವಾರ, ಬಸವಪ್ರಸಾದ್ ಬಸ್ ನಿಲ್ದಾಣದ ಎದುರು ಬೋರ್ಡು ಕಟ್ಟಿಸಿದರು: “ನಮ್ಮ ಕೇಂದ್ರದ ಹೆಮ್ಮೆ, ಕು. ರಂಜಿನಿ, ಪ್ರಥಮ ಸ್ಥಾನ. ಪರೀಕ್ಷಾ ಕ್ರಮಸಂಖ್ಯೆ 10.”