ಕುಡಿಯದವರ ಪಟ್ಟಿ

ಮುಖ ಕತ್ತರಿಸುವುದು ಕಲಿಪಾಳ ಕೆಲಸಗಳಲ್ಲಿ ಒಂದು. ಎಂಆರ್‌ಐ ಯಂತ್ರದಲ್ಲಿ ತಲೆಯ ಚಿತ್ರ ತೆಗೆದರೆ ಮೆದುಳೊಂದೇ ಬರುವುದಿಲ್ಲ. ಪದರಗಳನ್ನೆಲ್ಲ ಕಂಪ್ಯೂಟರ್ ಕೂಡಿಸಿದಾಗ ಮೂಗು, ತುಟಿ, ಮುಚ್ಚಿದ ರೆಪ್ಪೆ ಎಲ್ಲವೂ ಬೂದು ಜೇಡಿಮಣ್ಣಿನಲ್ಲಿ ಮೆತ್ತಿದ ಹಾಗೆ ಎದ್ದು ಬರುತ್ತವೆ. ಹೊರದೇಶದ ವಿಜ್ಞಾನಿಗಳಿಗೆ ಕಳಿಸುವ ಮುಂಚೆ ಯಾರದೆಂದು ಗುರುತು ಸಿಗದಂತೆ ಹುಬ್ಬಿನಿಂದ ಗಲ್ಲದವರೆಗೆ ತೆಗೆದುಹಾಕಬೇಕು. ಬಿಷ್ಕೆಕ್ ನಗರದ ಸಂಶೋಧನಾ ಕೇಂದ್ರವೊಂದರಲ್ಲಿ ಹನ್ನೊಂದು ವರ್ಷದಲ್ಲಿ ಅವಳು ಆರು ನೂರಕ್ಕೂ ಹೆಚ್ಚು ಮುಖ ತೆಗೆದಿದ್ದಳು. ಮೂರನ್ನು ಮಾತ್ರ ಉಳಿಸಿಕೊಂಡಿದ್ದಳು. ಮೂರೂ ತೀರಿಕೊಂಡ ಗಂಡ ಕೆಂಜೆಬೆಕ್‌ನವು, ಎರಡೆರಡು ವರ್ಷದ ಅಂತರದಲ್ಲಿ ತೆಗೆದವು.

ಯಾರೂ ಇಲ್ಲದಾಗ ಅವನ್ನು ಸಾಲಾಗಿ ತೆರೆದಿಟ್ಟು ನೋಡುತ್ತಿದ್ದಳು. ಮೊದಲನೆಯದರಲ್ಲಿ ಕೆನ್ನೆ ತುಂಬಿತ್ತು, ಮೂರನೆಯದರಲ್ಲಿ ಹಿಂಗಿತ್ತು. ಮೂರರಲ್ಲೂ ಅವನು ಏನೋ ಹೇಳಬೇಕೆಂದು ಬಾಯಿಗೆ ತಂದುಕೊಂಡು ಅಲ್ಲೇ ನಿಲ್ಲಿಸಿದವನಂತೆ ಕಾಣುತ್ತಿದ್ದ. ಗಾಜಿನ ಆಚೆ ಯಂತ್ರವನ್ನು ತಂಪಾಗಿಡುವ ಪಂಪು ಹಗಲೂ ರಾತ್ರಿ ನಿಲ್ಲದೆ ಗುಟುಕ್, ಗುಟುಕ್ ಅನ್ನುತ್ತಿತ್ತು. ಕತ್ತಲಲ್ಲಿ ಕಾರ್ ಶೆಡ್ಡಿನ ಬಾಗಿಲು ಎಳೆದುಕೊಂಡು ಅವನು ಬಾಟಲಿ ಎತ್ತಿದಾಗ ಬರುತ್ತಿದ್ದುದೂ ಅದೇ ಸದ್ದು. ಸತ್ತು ಮೂರು ವರ್ಷವಾದರೂ ಅವನು ಕುಡಿಯುವುದನ್ನು ಬಿಟ್ಟಿಲ್ಲ ಅನ್ನಿಸುತ್ತಿತ್ತು.

ಆದರೆ ಕಾಗದದ ಪ್ರಕಾರ ಕೆಂಜೆಬೆಕ್ ಹುಟ್ಟಿದಾರಭ್ಯ ಕುಡಿದವನೇ ಅಲ್ಲ.

ಕುಡಿತ ಮೆದುಳನ್ನು ಎಷ್ಟು ಬೇಗ ಮುದಿ ಮಾಡುತ್ತದೆ ಎನ್ನುವುದು ಆ ಕೇಂದ್ರದ ಸಂಶೋಧನೆ. ಪಟ್ಟಿ ಎರಡು, ಕುಡಿಯುವವರದು ಮತ್ತು ಕುಡಿಯದವರದು. ಕುಡಿಯುವವರಿಗೇನೂ ಬರವಿರಲಿಲ್ಲ. ಕುಡಿಯದವರು ಸಿಗುವುದೇ ಕಷ್ಟ, ಸಿಕ್ಕವರಲ್ಲೂ ಅರ್ಧ ಜನರನ್ನು ಅವರ ಹೆಂಡಂದಿರನ್ನು ಕೇಳಿದ ಮೇಲೆ ಹೊಡೆದುಹಾಕಬೇಕಾಗುತ್ತಿತ್ತು. ಎಂಟು ವರ್ಷದ ಹಿಂದೆ ಡಾಕ್ಟರ್ ರಹತ್ ಶಾರ್ಶೆನೋವಿಚ್ ಸಿಬ್ಬಂದಿಯ ಮನೆಯವರಿಗೇ ಗಾಳ ಹಾಕಿದರು. ಕಲಿಪಾ ಮಾವನನ್ನು ಕರೆಸಿದಳು. ಅವರನ್ನು ಇಸಿಕ್-ಕುಲ್ ಸರೋವರದ ದಂಡೆಯ ಹಳ್ಳಿಯಿಂದ ಕಾರಿನಲ್ಲಿ ಕೂರಿಸಿಕೊಂಡು ಬಂದವನು ಕೆಂಜೆಬೆಕ್. ಡಾಕ್ಟರರು ಅವನನ್ನೂ ಬಿಡಲಿಲ್ಲ. “ನಿಮ್ಮ ವಯಸ್ಸಿನವರು ಒಬ್ರೂ ಸಿಕ್ಕಿಲ್ಲ, ಕೂತ್ಕೊಳ್ಳಿ” ಎಂದರು.

ತಂದೆ ಮಗ ಒಂದೇ ಬೆಂಚಿನ ಮೇಲೆ ಕೂತರು. ಪ್ರಶ್ನೆ ಓದಿ ಬರೆದುಕೊಳ್ಳಬೇಕಾದವಳು ಕಲಿಪಾ.

“ವಾರಕ್ಕೆ ಎಷ್ಟು ಲೋಟ ಕುಡೀತೀರಿ?”

ಅವರಲ್ಲಿ ಮಗನ ತಲೆ ನರೆತರೂ ತಂದೆಯ ಎದುರು ಸಿಗರೇಟು ಹಚ್ಚುವುದಿಲ್ಲ, ಕುಡಿಯುತ್ತೇನೆ ಎಂದು ಬಾಯಿ ಬಿಡುವುದಿಲ್ಲ. ಕೆಂಜೆಬೆಕ್ ಬೂಟು ನೋಡಿಕೊಂಡು, “ನಾನು ಕುಡಿಯಲ್ಲ” ಎಂದ. ಮುದುಕರು ಮಗನ ಬೆನ್ನು ತಟ್ಟಿದರು. ಮಾವನ ಕಣ್ಣನ್ನೇ ನೇರವಾಗಿ ನೋಡದ ಸೊಸೆ ಅವರ ಮಗನನ್ನು ಅವರೆದುರೇ ಸುಳ್ಳುಗಾರನನ್ನಾಗಿ ಮಾಡುತ್ತಾಳೆಯೇ? ಕಲಿಪಾ ಸೊನ್ನೆ ಬರೆದಳು. ಸಂಜೆ ತಿದ್ದೋಣ ಎಂದುಕೊಂಡಳು. ತಿದ್ದಲಿಲ್ಲ. ನಿಜ ಹೇಳಬೇಕೆಂದರೆ ಆ ಸೊನ್ನೆ ಅವಳಿಗೆ ಇಷ್ಟವಾಗಿತ್ತು. ಆ ಒಂದು ಹಾಳೆಯಲ್ಲಾದರೂ ಅವಳಿಗೆ ಕುಡಿಯದ ಗಂಡನಿದ್ದ.

ನಾಲ್ಕು ವರ್ಷ ಕಳೆಯಿತು. ಕೆಂಜೆಬೆಕ್ ಹೆಜ್ಜೆ ತಪ್ಪತೊಡಗಿದ, ಕೈ ನಡುಗಿ ಚಹಾದ ಬಟ್ಟಲು ಚೆಲ್ಲತೊಡಗಿದ. ಮೂರನೆಯ ಚಿತ್ರದಲ್ಲಿ ತಲೆಯ ಹಿಂಭಾಗದ ಕಿರುಮೆದುಳು ಒಣಗಿದ ಏಪ್ರಿಕಾಟಿನಂತೆ ಸುರುಟಿತ್ತು. ನಲವತ್ತೇಳರ ಗಂಡಸಿಗೆ ಕಂಪ್ಯೂಟರ್ ಎಪ್ಪತ್ತೊಂದರ ಮೆದುಳು ಎಂದಿತು. ಡಾಕ್ಟರರು ಕಾಗದ ನೋಡಿದರು, ಸೊನ್ನೆ ನೋಡಿದರು. “ಕುಡಿಯದವನಿಗೆ ಹೀಗಾಗಿದೆ ಅಂದ್ರೆ ಇದು ವಂಶದಿಂದ ಬಂದಿದ್ದು” ಎಂದರು. ರಕ್ತ ಪರೀಕ್ಷೆಗೆ ಹೋಯಿತು, ಏನೂ ಸಿಗಲಿಲ್ಲ. ಸಿಗದಿದ್ದ ಮಾತ್ರಕ್ಕೆ ಇಲ್ಲ ಅನ್ನುವ ಹಾಗಿಲ್ಲ ಎಂದರು.

ಆಗಲೂ ಕಲಿಪಾ ತುಟಿ ಪಿಟಕ್ಕೆನ್ನಲಿಲ್ಲ. ಕುಡುಕನೆಂದರೆ ನಾಚಿಕೆ, ಕಾಯಿಲೆಯೆಂದರೆ ಮರ್ಯಾದೆ. ನೆಂಟರು ಕುರಿಯ ಸಾರು ಹೊತ್ತು ತಂದರು. ಕೆಂಜೆಬೆಕ್ ದಿಂಬಿಗೊರಗಿ ಸಾರು ಕುಡಿದು, ಅವರು ಹೋದ ಮೇಲೆ ಶೆಡ್ಡಿಗೆ ನಡೆದು ಮಿಕ್ಕದ್ದನ್ನು ಕುಡಿಯುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಮರುವರ್ಷ ಮಾರ್ಚ್‌ನಲ್ಲಿ ರಸ್ತೆಬದಿಯ ಕಾಲುವೆಗೆ ಬಿದ್ದು ಸತ್ತ. ಕಾಯಿಲೆ ಬೀಳಿಸಿತು ಎಂದರು ಎಲ್ಲರೂ.

ಅಲ್ಲಿಗೇ ಮುಗಿದಿದ್ದರೆ ಸತ್ತವನ ಸುಳ್ಳು ಸತ್ತವನ ಜೊತೆ ಹೋಗುತ್ತಿತ್ತು. ಮುಗಿಯಲಿಲ್ಲ, ಏಕೆಂದರೆ ಬುರುಲ್ ಇದ್ದಳು.

ಬುರುಲ್ ಕಲಿಪಾ ಹೆತ್ತ ಚೊಚ್ಚಲು. ಚೊಚ್ಚಲ ಮಗುವನ್ನು ಅಜ್ಜ ಅಜ್ಜಿಯ ಮಡಿಲಿಗೆ ಹಾಕುವುದು ಅವರಲ್ಲಿ ವಾಡಿಕೆ. ಹಾಲು ಬಿಟ್ಟ ಕೂಡಲೇ ಹಳ್ಳಿಗೆ ಹೋದ ಹುಡುಗಿ ಅಜ್ಜನನ್ನು ಅತಾ, ಅಂದರೆ ಅಪ್ಪ, ಎಂದು ಕರೆದೇ ಬೆಳೆದಳು. ಕೆಂಜೆಬೆಕ್ ಅವಳಿಗೆ ಅಣ್ಣ, ಕಲಿಪಾ ಅತ್ತಿಗೆ. ನಿಜ ಯಾವುದೆಂದು ಎಲ್ಲರಿಗೂ ಗೊತ್ತಿತ್ತು, ಬಾಯಲ್ಲಿ ಮಾತ್ರ ಯಾರೂ ಆಡುತ್ತಿರಲಿಲ್ಲ. ಹಳ್ಳಿಗೆ ಹೋದಾಗಲೆಲ್ಲ ಕೆಂಜೆಬೆಕ್ ಉಪ್ಪು ಮೊಸರಿನ ಒಣ ಉಂಡೆ ಅಗಿಯುತ್ತ ಸಾಧುವಾಗಿ ಕೂರುತ್ತಿದ್ದುದನ್ನಷ್ಟೇ ಆ ಹುಡುಗಿ ಕಂಡಿದ್ದಳು. ಈಗ ಇಪ್ಪತ್ತಾರು ತುಂಬಿ, ಮದುವೆಯಾಗಿ, ನಗರದಲ್ಲೇ ಶಾಲೆಯ ಟೀಚರ್ ಆಗಿದ್ದಳು.

ಭಾನುವಾರ ಅವಳು ಫೋನ್ ಮಾಡಿದಳು. “ಅತ್ತಿಗೆ, ನಂಗೆ ಮೂರು ತಿಂಗಳು. ಗುರುವಾರ ಮಗೂನ ತೆಗೆಸ್ತಿದ್ದೀನಿ. ಅತಾಗೆ ಹೇಳ್ಬೇಡಿ.”

“ಯಾಕಮ್ಮಾ?”

“ಯಾಕೆ ಅಂತ ನೀವು ಕೇಳ್ತೀರಾ? ಅಣ್ಣನ ತಲೆಯ ಚಿತ್ರ ತೆಗೆದೋರೇ ನೀವು. ಆ ಕಾಯಿಲೆ ಇದಕ್ಕೂ ಬರೋದು ಬೇಡ.”

ಕಲಿಪಾ ಅವತ್ತೇ ಬಾಯಿ ಬಿಟ್ಟಳು. ಅವನು ಕುಡಿಯುತ್ತಿದ್ದ, ದಿನವೂ ಕುಡಿಯುತ್ತಿದ್ದ, ಅದು ರಕ್ತದಿಂದ ಬಂದದ್ದಲ್ಲ ಎಂದಳು.

“ಮಗು ಉಳೀಲಿ ಅಂತ ಸತ್ತವನ ಮೇಲೆ ಇಲ್ಲದ್ದು ಹೇಳ್ತಿದ್ದೀರಾ? ಥೂ, ಸುಮ್ನಿರಿ ಅತ್ತಿಗೆ. ಅತಾ ತಮ್ಮ ಬಾಯಲ್ಲಿ ಹೇಳಲಿ, ಆಗ ನಂಬ್ತೀನಿ. ಅವರು ಸುಳ್ಳು ಹೇಳಲ್ಲ.”

ಅದು ನಿಜ. ಹಳ್ಳಿಯಲ್ಲಿ ಕುದುರೆ ಕಳವಾದರೂ ಹೊಲದ ಬದು ಸರಿದರೂ ಮುದುಕರ ಮಾತಿನ ಮೇಲೆ ಜನ ಜಗಳ ಬಿಡುತ್ತಿದ್ದರು. ಸೋಮವಾರ ಕಲಿಪಾ ಡಾಕ್ಟರರ ಮುಂದೆ ತಪ್ಪೊಪ್ಪಿಕೊಂಡಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎಂಟು ವರ್ಷ ಆದ್ಮೇಲೆ!” ಎಂದರು. ಸಂಜೆ ಅವಳನ್ನು ಮತ್ತೆ ಕರೆದು, “ಆ ಹುಡುಗಿಗೆ ಫೋನ್ ಮಾಡ್ದೆ, ನೀವು ಹೇಳಿಕೊಟ್ಟಿದ್ದು ಅಂದ್ಳು. ಹಿರಿಯರಿಂದಲೇ ಹೇಳಿಸಿ. ಬುಧವಾರ ಹೇಗೂ ಅವರ ಸರದಿ ಇದೆಯಲ್ಲ” ಎಂದರು.

ಬುಧವಾರ ಮಧ್ಯಾಹ್ನ ಮಾವ ಬಂದರು. ಎಂಬತ್ಮೂರು ವರ್ಷ, ಬೆನ್ನು ಇನ್ನೂ ನೆಟ್ಟಗೆ. ಬಿಳಿ ಉಣ್ಣೆಯ ಟೋಪಿ ತೆಗೆದಿಟ್ಟು, ತೆಳು ಬಟ್ಟೆಯ ಟೋಪಿಯೊಂದಿಗೆ ಯಂತ್ರದ ಹಲಗೆಯ ಮೇಲೆ ಮಲಗಿದರು.

“ಗೋರಿಯಲ್ಲಿ ಮಲಗೋದಕ್ಕೆ ಇಲ್ಲೇ ಅಭ್ಯಾಸ ಆಯ್ತು ನೋಡು ಮಗಳೇ. ಅಲ್ಲಿ ಇಷ್ಟು ಗದ್ದಲ ಇರಲ್ಲ, ಅಷ್ಟೇ.”

ಕಲಿಪಾ ಅವರ ಕೈಗೆ ರಬ್ಬರ್ ಗುಂಡು ಕೊಟ್ಟಳು. ಕಷ್ಟವಾದರೆ ಅದನ್ನು ಅದುಮಬೇಕು, ಯಂತ್ರ ನಿಲ್ಲಿಸುತ್ತಾರೆ. ಅವರು ಬಂದಾಗಿನಿಂದ ಅವರೆದುರು ನಾಲ್ಕು ಸಲ ಬಾಯಿ ತೆರೆದಿದ್ದಳು, ನಾಲ್ಕು ಸಲವೂ “ಚಹಾ ಹಾಕ್ಲಾ” ಎಂದಷ್ಟೇ ಬಂದಿತ್ತು. ಸೊಸೆಯಾಗಿ ಬಂದ ಇಪ್ಪತ್ತೆಂಟು ವರ್ಷದಲ್ಲಿ ಅವಳು ಆ ಮನುಷ್ಯನ ಹೆಸರು ಹೇಳಿದವಳಲ್ಲ, ಅವರು ಕೇಳದೆ ತಾನಾಗಿ ಮಾತು ತೆಗೆದವಳಲ್ಲ.

ಗಾಜಿನ ಈಚೆ ಬಂದು ಕೂತಳು. ಮೊದಲ ಚಿತ್ರ ಸಲೀಸಾಗಿ ಬಂತು. ಯಂತ್ರದ ಬಡಿತ ನಿಂತು, ಪಂಪಿನ ಗುಟುಕು ಮಾತ್ರ ಉಳಿಯಿತು. ಯಂತ್ರದ ಸುರಂಗದಿಂದ ಮಾವನ ಪಾದಗಳಷ್ಟೇ ಕಾಣುತ್ತಿದ್ದವು. ಪಾದಗಳಿಗೆ ಹೇಳಬಹುದು ಅನ್ನಿಸಿತು. ಕಲಿಪಾ ಮೈಕಿನ ಗುಂಡಿ ಒತ್ತಿದಳು.

“ಅತಾ, ಒಂದು ಮಾತು ಹೇಳ್ತೀನಿ. ಬೇಡ ಅನ್ನಿಸಿದ್ರೆ ಗುಂಡು ಅದುಮಿ. ಅಲ್ಲಿಗೇ ನಿಲ್ಲಿಸ್ತೀನಿ.”

ಪಾದ ಅಲುಗಲಿಲ್ಲ.

“ನಿಮ್ಮ ಮಗ ಕುಡೀತಿದ್ರು. ನಾನು ಮದುವೆಯಾಗಿ ಬಂದಾಗಿಂದ್ಲೂ. ಆ ಬೆಂಚಿನ ಮೇಲೆ ನಿಮ್ಮ ಎದುರು ಹೇಳೋಕಾಗಲಿಲ್ಲ ಅವರಿಗೆ. ನಂಗೂ ಆಗಲಿಲ್ಲ, ಸೊನ್ನೆ ಬರೆದೆ. ಅವರ ತಲೆ ತಿಂದಿದ್ದು ಕಾಯಿಲೆ ಅಲ್ಲ, ವೋಡ್ಕಾ. ಕಾಲುವೆಗೆ ಬಿದ್ದ ದಿನಾನೂ ಕುಡಿದಿದ್ರು.”

ಗುಂಡು ಅದುಮಿದರೆ ಆಗುವ ಗಂಟೆ ಆಗಲಿಲ್ಲ. ಎರಡನೆಯ ಚಿತ್ರ ಶುರು ಮಾಡಿದಳು. ಆರು ನಿಮಿಷ ಯಂತ್ರ ಬಡಿದುಕೊಂಡಿತು. ನಿಂತ ಮೇಲೆ ಬುರುಲ್‌ಳ ವಿಷಯ ಹೇಳಿದಳು, ನಾಳೆ ಬೆಳಿಗ್ಗೆ ಹತ್ತು ಗಂಟೆಯ ವಿಷಯ ಹೇಳಿದಳು, ನೀವು ಹೇಳಿದರೆ ಮಾತ್ರ ನಂಬುತ್ತಾಳಂತೆ ಎಂದಳು.

ಪರದೆಯ ಮೇಲೆ ಎರಡನೆಯ ಚಿತ್ರ ಮೂಡಿತು. ಪೂರ್ತಿ ಮಸುಕು. ಪ್ರತಿ ಸಲ ಕಲ್ಲಿನಂತೆ ಮಲಗಿರುತ್ತಿದ್ದ ಮನುಷ್ಯ ಆ ಆರು ನಿಮಿಷವೂ ಅಲುಗಾಡಿದ್ದರು. ಅತ್ತಿದ್ದರು.

ಹಲಗೆ ಈಚೆ ಎಳೆದಾಗ ಅವರ ಕಿವಿಗಳೊಳಗೆ ಕಣ್ಣೀರು ನಿಂತಿತ್ತು. ಕಲಿಪಾ ಒರೆಸಲು ಕೈ ಚಾಚಿ, ಸೊಸೆ ಮಾವನನ್ನು ಮುಟ್ಟಬಾರದೆಂದು ನೆನಪಾಗಿ ಬಟ್ಟೆ ಕೊಟ್ಟಳು. ಅವರು ಒರೆಸಿಕೊಳ್ಳಲಿಲ್ಲ.

“ಅವನು ಬದುಕಿರೋವಾಗ ಹೇಳಿದ್ರೆ ಹೊಡೀತಿದ್ದೆ” ಎಂದರು. “ಹೊಡೆದು ಬಿಡಿಸ್ತಿದ್ದೆನೋ ಏನೋ. ಕಾಯಿಲೆ ನನ್ನ ಹೆಂಡತಿ ಕಡೆಯಿಂದ ಬಂತು ಅಂತ ಅವಳ ಗೋರಿಗೆ ಹೋಗೋದೇ ಬಿಟ್ಟಿದ್ದೆ, ಗೊತ್ತಾ ನಿಂಗೆ?”

ಕಲಿಪಾಗೆ ಗೊತ್ತಿರಲಿಲ್ಲ. ನಿಂತಲ್ಲೇ ತಲೆ ತಗ್ಗಿಸಿದಳು.

“ಫೋನ್ ಹಚ್ಚು.”

ಈಚಿನ ಕೋಣೆಗೆ ಬರಿಗಾಲಲ್ಲೇ ಬಂದು ಅವಳ ಕುರ್ಚಿಯಲ್ಲಿ ಕೂತರು. ಸ್ಪೀಕರ್‌ನಲ್ಲಿ ಬುರುಲ್‌ಳ ದನಿ ಬಂತು. “ಅತಾ? ಚಿತ್ರ ತೆಗೆದಾಯ್ತಾ?”

“ಬುರುಲ್, ನಿಮ್ಮಣ್ಣ ಕುಡುಕ. ಕುಡಿದೇ ಸತ್ತ. ನಮ್ಮ ರಕ್ತದಲ್ಲಿ ಏನೂ ಇಲ್ಲ. ಕೂಸನ್ನ ಏನೂ ಮಾಡ್ಬೇಡ.”

ಪಾಠ ಒಪ್ಪಿಸುವ ಹುಡುಗರನ್ನು ಕೇಳುವಂತೆ ಬುರುಲ್ ಬಿಡಿಬಿಡಿಯಾಗಿ ಕೇಳಿದಳು. “ನೀವು ಕಣ್ಣಾರೆ ನೋಡಿದ್ರಾ? ಅತ್ತಿಗೆ ಹೇಳಿದ್ದನ್ನ ಹೇಳ್ತಿದ್ದೀರಾ?”

ಈ ಮನುಷ್ಯ ನೋಡಿಲ್ಲ. ನೋಡದ್ದನ್ನು ನೋಡಿದೆ ಅನ್ನುವವರಲ್ಲ. ಇನ್ನು ಎಲ್ಲ ಮುಗಿಯಿತು ಎಂದುಕೊಂಡಳು ಕಲಿಪಾ.

ಮುದುಕರು ಗಾಜಿನ ಆಚೆ ಖಾಲಿ ಹಲಗೆಯನ್ನು ನೋಡುತ್ತಿದ್ದರು.

“ನೋಡಿದೀನಿ” ಎಂದರು. “ಎಷ್ಟೋ ಸಲ ನೋಡಿದೀನಿ. ನಮ್ಮ ಕೊಟ್ಟಿಗೆಯಲ್ಲೇ ಕುಡೀತಿದ್ದ. ಊರೋರು ಏನಂತಾರೋ ಅಂತ ಬಾಯಿ ಮುಚ್ಕೊಂಡಿದ್ದೆ.”

“ಮೊದಲಿಂದ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

“ಮೂರು ವರ್ಷ ಅತಾ.” ಅವಳ ದನಿ ಒಡೆಯಿತು. “ಮೂರು ವರ್ಷದಿಂದ ದಿನಾ ಎದ್ದ ತಕ್ಷಣ ಕೈ ಚಾಚಿ ನೋಡ್ಕೋತೀನಿ, ನಡುಗ್ತದಾ ಅಂತ. ನಿಮ್ಮನೇಲಿ ಇದ್ದಾಗ್ಲೂ ನೋಡ್ಕೋತಿದ್ದೆ, ನಿಮ್ಮ ಎದುರಿಗೇ. ನೀವು ಚಹಾ ಕುಡೀತಾ ಕೂತಿದ್ರಿ. ಊರೋರು ಏನಂತಾರೋ ಅಂತ.”

“ಹೂಂ.”

“ನಾಳೆ ಹೋಗಲ್ಲ. ಮಗು ಇರುತ್ತೆ. ಆದ್ರೆ ನಿಮ್ಮ ಹೊಸ್ತಿಲು ತುಳಿಯಲ್ಲ ಅದು. ನಾನೂ ತುಳಿಯಲ್ಲ.”

ಫೋನ್ ಕಟ್ ಆಯಿತು. ಎಂಬತ್ಮೂರು ವರ್ಷದಲ್ಲಿ ಅವರಾಡಿದ ಸುಳ್ಳು ಅದೊಂದೇ ಇರಬೇಕು. ಅದನ್ನು ನಂಬಿದವಳು ಅವರು ಎದೆಯ ಮೇಲೆ ಮಲಗಿಸಿಕೊಂಡು ಸಾಕಿದ ಮಗಳು.

ಕಲಿಪಾ ಫೋನಿಗೆ ಕೈ ಹಾಕಿದಳು. “ತಪ್ಪು ನಂದು ಅಂತ ಹೇಳ್ತೀನಿ ಅತಾ. ನಿಮಗೇನೂ ಗೊತ್ತಿರಲಿಲ್ಲ ಅಂತ ಹೇಳ್ತೀನಿ.”

ಮುದುಕರು ಫೋನಿನ ಮೇಲೆ ಅಂಗೈ ಇಟ್ಟರು. “ಗೊತ್ತಿರಲಿಲ್ಲ ಅಂದ್ರೆ ನಾನು ಹೇಳಿದ್ದು ಸುಳ್ಳು ಅಂತಾಗುತ್ತೆ. ಆಗ ನಾಳೆ ಹತ್ತು ಗಂಟೆಗೆ ಅವಳು ಎಲ್ಲಿರ್ತಾಳೆ?”

ಕಲಿಪಾ ಕೈ ಹಿಂದಕ್ಕೆಳೆದುಕೊಂಡಳು.

“ಮಗು ಹುಟ್ಟಿದ ಮೇಲೆ ಹೇಳ್ಲಾ?”

“ಆಮೇಲೂ ಬೇಡ. ಅವಳಿಗೆ ಇನ್ನೊಂದು ಬಸುರು ನಿಲ್ಲಬೇಕಾ ಬೇಡ್ವಾ?” ಎಂದು ಅವರು ಉಣ್ಣೆಯ ಟೋಪಿ ಎತ್ತಿ ತಲೆಗಿಟ್ಟುಕೊಂಡರು. “ನನ್ನ ಬೂಟು ಎಲ್ಲಿಟ್ಟೆ ಮಗಳೇ? ಕೊನೇ ಬಸ್ಸು ಹೋಗಿಬಿಡುತ್ತೆ.”